ಹೊಳೆ ದಡದಲ್ಲಿ ಕೆಲಸವಿಲ್ಲದೆ

ಮೆಲ್ಬರ್ನಿನಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮೂರ ಕಡೆಯವರ ಫೋನು ತೆರೆದು ನೋಡಿದರೆ ಎಲ್ಲರದ್ದೂ ಒಂದೇ ಆಲ್ಬಮ್. ಗ್ರೇಟ್ ಓಷನ್ ರೋಡಿನಲ್ಲಿ ಸಮುದ್ರದೊಳಗೆ ನಿಂತ ಟ್ವೆಲ್ವ್ ಅಪಾಸಲ್ಸ್ ಬಂಡೆಗಳು. ಫಿಲಿಪ್ ಐಲ್ಯಾಂಡಿನ ಬೋರ್ಡಿನ ಮುಂದೆ ಮಂಕಿ ಟೋಪಿ ಹಾಕಿಕೊಂಡ ಅಜ್ಜ, ಸೀರೆಯ ಮೇಲೆ ಸ್ವೆಟರ್ ತೊಟ್ಟ ಅಜ್ಜಿ (ಪೆಂಗ್ವಿನ್ನುಗಳ ಫೋಟೊ ತೆಗೆಯಲು ಅಲ್ಲಿ ಬಿಡುವುದಿಲ್ಲ). ಕ್ಯಾರಮ್ ಡೌನ್ಸಿನ ಶಿವ-ವಿಷ್ಣು ದೇವಸ್ಥಾನ. ಎಂಸಿಜಿ ಮೈದಾನದ ಹೊರಗಿನ ಬ್ರಾಡ್ಮನ್ ಪ್ರತಿಮೆ. ಇವೆಲ್ಲ ನನ್ನ ಫೋನಿನಲ್ಲೂ ಇವೆ. ಆದರೆ ಆ ಊರೆಂದರೆ ನನಗೆ ಮೊದಲು ನೆನಪಾಗುವುದು ಆಬಟ್ಸ್‌ಫರ್ಡ್ ಎಂಬ ಬಡಾವಣೆ, ಅಲ್ಲಿ ಏನೂ ಮಾಡದೆ ಕಳೆದ ಒಂದು ವಾರಾಂತ್ಯ. ಅಲ್ಲಿ ತೆಗೆದ ಫೋಟೊಗಳು ಮಾತ್ರ ಬಹಳ ಕಡಿಮೆ.

2018ರ ಮಾರ್ಚ್. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದ ಮೇಲೆ ತಂಗಿಯ ಮನೆಗೆಂದು ಹೋಗಿದ್ದೆ. ತಂಗಿಯ ಮನೆ ಇರುವುದು ಟಾರ್ನೀಟಿನಲ್ಲಿ, ನಗರದ ಪಶ್ಚಿಮದ ಅಂಚಿನಲ್ಲಿ. ನಮ್ಮ ದೇಶದವರು ಮನೆ ಕಟ್ಟಿಸಿಕೊಳ್ಳುವುದೇ ಆ ಕಡೆ. ಎಡಗಡೆ ತೆಲುಗರು, ಬಲಗಡೆ ಪಂಜಾಬಿಗಳು, ಬೀದಿಯಲ್ಲಿ ಮಾತ್ರ ನರಪಿಳ್ಳೆ ಇಲ್ಲ. ಒಂದು ಪ್ಯಾಕೆಟ್ ಹಾಲು ಬೇಕೆಂದರೂ ಯಾರಾದರೂ ಕಾರು ತೆಗೆಯಬೇಕು. ಅಲ್ಲಿ ವಾರಾಂತ್ಯವೆಂದರೆ ವಾರದ ಬಟ್ಟೆ, ವಾರದ ಸಾಮಾನು, ಹುಲ್ಲು ಕತ್ತರಿಸುವುದು, ಯಾರದೋ ಮಗುವಿನ ಹುಟ್ಟುಹಬ್ಬ. ನನ್ನ ತಂಗಿ ಸೋಮವಾರ ಆಫೀಸಿಗೆ ಹೋಗುವುದೇ ಸುಧಾರಿಸಿಕೊಳ್ಳಲಿಕ್ಕೆ ಎಂದು ನನಗೆ ಅನ್ನಿಸುತ್ತಿತ್ತು.

ಅವಳ ಮಗಳು ಪುಟ್ಟಿ ನರ್ಸ್. ನಗರದ ಆಸ್ಪತ್ರೆಯಲ್ಲಿ ಪಾಳಿ ಕೆಲಸ, ಹಾಗಾಗಿ ಆಬಟ್ಸ್‌ಫರ್ಡಿನಲ್ಲಿ ಸಣ್ಣದೊಂದು ಫ್ಲ್ಯಾಟು ಬಾಡಿಗೆಗೆ ಹಿಡಿದಿದ್ದಳು. ‘ದೊಡ್ಡಮ್ಮ, ಈ ಸಲ ಸೋಮವಾರವೂ ರಜೆ, ನಂಗೂ ಡ್ಯೂಟಿ ಇಲ್ಲ, ನೀನು ಇಲ್ಲಿಗೆ ಬಾ’ ಎಂದು ಫೋನ್ ಮಾಡಿದಳು. ಅಲ್ಲೇನಿದೆ ನೋಡುವಂಥದ್ದು ಅಂದೆ. ‘ಏನೂ ಇಲ್ಲ. ಹೊಳೆ ಇದೆ’ ಅಂದಳು.

ಆ ಸೋಮವಾರದ ರಜೆ ಯಾತರದ್ದು ಎಂದು ಕೇಳಿದ್ದಕ್ಕೆ ಲೇಬರ್ ಡೇ ಎಂದಳು. ಮೇ ತಿಂಗಳಲ್ಲಲ್ಲವೇ ಕಾರ್ಮಿಕರ ದಿನ? ಮೂವತ್ತು ವರ್ಷ ಮಕ್ಕಳಿಗೆ ಶಿಕಾಗೊ, 1886 ಎಂದು ಬೋರ್ಡಿನ ಮೇಲೆ ಬರೆದವಳು ನಾನು. ಮೆಲ್ಬರ್ನಿನ ಕಥೆ ಅದಕ್ಕಿಂತ ಮೂವತ್ತು ವರ್ಷ ಹಳೆಯದು. 1856ರ ಏಪ್ರಿಲ್ 21ರಂದು ಇಲ್ಲಿನ ವಿಶ್ವವಿದ್ಯಾಲಯದ ಕಟ್ಟಡ ಕಟ್ಟುತ್ತಿದ್ದ ಕಲ್ಲುಕುಟಿಗರು ಉಳಿ, ಸುತ್ತಿಗೆ ಕೆಳಗಿಟ್ಟು ಪಾರ್ಲಿಮೆಂಟಿನ ತನಕ ಮೆರವಣಿಗೆ ಹೊರಟರು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು, ಎಂಟು ಗಂಟೆ ವಿಶ್ರಾಂತಿ ಎಂಬುದು ಅವರ ಬೇಡಿಕೆ. ಸಂಬಳ ಕಡಿತವಿಲ್ಲದೆ ಅದನ್ನು ಗೆದ್ದೂ ಗೆದ್ದರು. ನಗರದಲ್ಲಿ ಅದರ ನೆನಪಿಗೆ ಒಂದು ಕಂಬವಿದೆ, ಅದರ ನೆತ್ತಿಯ ಮೇಲೆ ಮೂರು ಎಂಟುಗಳು. ಬಿಡುವು ಬೇಕು ಎಂದು ಬಾಯಿಬಿಟ್ಟು ಕೇಳಿ ಪಡೆದ ಊರಿನಲ್ಲಿ ಬಿಡುವಿನ ಮೂರು ದಿನ. ಪಾಠ ಮಾಡುವಾಗ ಗೊತ್ತಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಸಂಜೆ ಟಾರ್ನೀಟಿನಿಂದ ರೈಲಿನಲ್ಲಿ ಸದರ್ನ್ ಕ್ರಾಸ್ ಸ್ಟೇಷನ್ನಿಗೆ, ಅಲ್ಲಿಂದ 109 ನಂಬರಿನ ಟ್ರಾಮಿನಲ್ಲಿ ವಿಕ್ಟೋರಿಯಾ ಸ್ಟ್ರೀಟಿಗೆ. ನಗರದ ನಡುಭಾಗದಿಂದ ಎರಡು ಮೂರು ಕಿಲೋಮೀಟರು, ಅಷ್ಟೇ. ಟ್ರಾಮಿಳಿದು ಒಳರಸ್ತೆಗೆ ತಿರುಗಿದ್ದೇ ಗಾಳಿಯಲ್ಲಿ ಒಂದು ವಾಸನೆ ಬಂತು, ರಾಗಿ ಮೊಳಕೆ ಕಟ್ಟಿ ಒಣಗಿಸಿ ಹುರಿಯುವಾಗ ಅಡುಗೆಮನೆ ತುಂಬ ಬರುವಂಥದ್ದು. ‘ಇಲ್ಲಿ ಯಾರೇ ಮಾಲ್ಟ್ ಹುರಿಯೋರು’ ಎಂದೆ. ಪುಟ್ಟಿ ನಕ್ಕಳು. ಎದುರಿಗೇ ಬಿಯರ್ ಕಾರ್ಖಾನೆ, ಕಾರ್ಲ್‌ಟನ್ ಅಂಡ್ ಯುನೈಟೆಡ್ ಬ್ರೂವರೀಸಿನದು. ಮೊಳಕೆ ಬಾರ್ಲಿ ಬೇಯುವ ವಾಸನೆಯದು. ಹೆಂಡದ ಕಾರ್ಖಾನೆಯ ವಾಸನೆಯನ್ನು ಅಷ್ಟು ಪ್ರೀತಿಯಿಂದ ಎಳೆದುಕೊಂಡದ್ದನ್ನು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಈ ಬಡಾವಣೆ ಈಗ ಭಾರೀ ಬೆಲೆಯದು. ಒಂದು ಕಾಲಕ್ಕೆ ಇದು ಊರಿನ ಹಿತ್ತಲು. ಯಾರಾ ನದಿ ಇಲ್ಲಿ ಸುತ್ತಿ ಬಳಸಿ ಹರಿಯುತ್ತದೆ. 19ನೇ ಶತಮಾನದಲ್ಲಿ ಚರ್ಮ ಹದ ಮಾಡುವವರು, ಕುರಿಯುಣ್ಣೆ ತೊಳೆಯುವವರು, ಹೆಂಡ ಬೇಯಿಸುವವರು ಎಲ್ಲ ಈ ದಡದಲ್ಲೇ ಇದ್ದು ಕೊಳಕನ್ನೆಲ್ಲ ಇದೇ ನೀರಿಗೆ ಬಿಡುತ್ತಿದ್ದರು. 1890ರ ದಶಕದಲ್ಲಿ ಒಳಚರಂಡಿ ಬರುವವರೆಗೆ ಇಡೀ ನಗರವನ್ನು ‘ಸ್ಮೆಲ್‌ಬರ್ನ್’ ಎಂದು ಗೇಲಿ ಮಾಡುತ್ತಿದ್ದರಂತೆ. ಕೂಲಿಕಾರರು ಇರುತ್ತಿದ್ದ ಒಂದಂಕಣದ ಮರದ ಮನೆಗಳು ಈಗಲೂ ಸಾಲಾಗಿವೆ, ಬಾಗಿಲಿಗೆ ಹೊಸ ಬಣ್ಣ, ಮುಂದೊಂದು ದುಬಾರಿ ಸೈಕಲ್ಲು. ಕೊಳ್ಳುವವರು ಡಾಕ್ಟರು, ಲಾಯರು.

ನದಿಯ ನೀರು ಕಂದು. ಮೇಲೆ ಕೆಸರು, ಕೆಳಗೆ ನೀರು, ತಲೆಕೆಳಗಾಗಿ ಹರಿಯುವ ಹೊಳೆ ಎಂದು ಅಲ್ಲಿನವರೇ ತಮಾಷೆ ಮಾಡುತ್ತಾರೆ. ತುಂಗೆಯನ್ನು ನೋಡಿದವಳಿಗೆ ಮೊದಲ ನೋಟಕ್ಕೆ ಇದೇನು ಹೊಳೆ ಅನ್ನಿಸಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅಭಿಪ್ರಾಯ ಬದಲಾಗಿತ್ತು.

ಅದು ತಿಂಗಳ ಎರಡನೇ ಶನಿವಾರ. ಕಾಲಿಂಗ್‌ವುಡ್ ಮಕ್ಕಳ ಫಾರ್ಮಿನಲ್ಲಿ ಅವತ್ತು ರೈತರ ಸಂತೆ. ನಡುನಗರದ ಪಕ್ಕ, ನದಿಯ ತಿರುವಿನಲ್ಲಿ, ಒಂದು ಕೊಟ್ಟಿಗೆ, ಹುಲ್ಲುಗಾವಲು, ಕುರಿ, ಹಂದಿ, ಕೋಳಿ. 1979ರಲ್ಲಿ ಶುರುವಾದದ್ದು, ಹಸುವೆಂದರೆ ಹಾಲಿನ ಡಬ್ಬದ ಮೇಲಿನ ಚಿತ್ರ ಎಂದುಕೊಂಡ ಊರಿನ ಮಕ್ಕಳಿಗೆ ನಿಜವಾದದ್ದನ್ನು ತೋರಿಸಲಿಕ್ಕೆ. ಹಾಲು ಕರೆಯುವ ಹೊತ್ತಿಗೆ ಮಕ್ಕಳು ಸಾಲು ನಿಂತಿದ್ದರು. ಒಬ್ಬೊಬ್ಬರಾಗಿ ಬಂದು ಎರಡು ಬೆರಳಲ್ಲಿ ಕೆಚ್ಚಲು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡು ಕಿರುಚುವುದು, ಅಪ್ಪ ಅಮ್ಮ ವಿಡಿಯೊ ಮಾಡುವುದು. ಕೊನೆಗೆ ಅಲ್ಲಿನ ಹುಡುಗಿ ದೊಡ್ಡವರೂ ಬರಬಹುದು ಎಂದಳು. ಪುಟ್ಟಿ ನನ್ನ ಬೆನ್ನಿಗೆ ಕೈಯಿಟ್ಟು ತಳ್ಳಿದಳು. ಕೂತೆ. ಹೆಬ್ಬೆರಳು ಮಡಿಸಿ, ಕೆಚ್ಚಲು ಒರೆಸಿ, ಎರಡು ಕೈಯಲ್ಲೂ ಎಳೆದಾಗ ಬಕೆಟ್ಟಿನ ತಳದಲ್ಲಿ ಸೊರ್ ಸೊರ್ ಎಂದಿತು, ಸ್ವಲ್ಪ ಹೊತ್ತಿಗೆ ನೊರೆ ಎದ್ದಿತು. ಹಿಂದೆ ನಿಂತವರು ಚಪ್ಪಾಳೆ ತಟ್ಟಿದರು! ಮದುವೆಗೆ ಮುಂಚೆ ತವರಿನಲ್ಲಿ, ಆಮೇಲೆ ಅತ್ತೆಮನೆಯಲ್ಲಿ, ಬೆಳಗ್ಗೆ ಐದಕ್ಕೆ ಚಳಿಯಲ್ಲಿ ಕೂತು ಎಷ್ಟು ಚೊಂಬು ಕರೆದಿದ್ದೇನೆ. ಒಬ್ಬರೂ ಚಪ್ಪಾಳೆ ತಟ್ಟಿರಲಿಲ್ಲ. ನಮ್ಮಲ್ಲಿ ಯಾವುದು ಕೆಲಸವೋ ಇಲ್ಲಿ ಅದು ಶನಿವಾರದ ಆಟ. ಹಾಸ್ಯಕ್ಕೆ ಹೇಳುತ್ತಿಲ್ಲ. ಕೈಗೆ ಸಗಣಿ ಮೆತ್ತದಷ್ಟು ದೂರದಲ್ಲಿ ನಿಂತರೆ ಎಲ್ಲ ಕೆಲಸವೂ ಚೆಂದವೇ.

ಫಾರ್ಮಿನ ಬೇಲಿ ದಾಟಿದರೆ ಆಬಟ್ಸ್‌ಫರ್ಡ್ ಕಾನ್ವೆಂಟ್. ಕಾನ್ವೆಂಟ್ ಎಂದರೆ ನಮ್ಮ ಕಡೆ ಇಂಗ್ಲಿಷ್ ಶಾಲೆ. ಇದು ನಿಜವಾದ ಮಠ. ಗೋಪುರ, ಉದ್ದುದ್ದ ಕಟ್ಟಡಗಳು, ಓಕ್ ಮರಗಳು, ಹುಲ್ಲಿನ ಮೇಲೆ ಚಾಪೆ ಹಾಸಿ ಮಲಗಿದ ಜೋಡಿಗಳು, ಕುಂಟಾಬಿಲ್ಲೆ ಆಡುವ ಮಕ್ಕಳು, ಬಳ್ಳಿ ಬಿಚ್ಚಿಸಿಕೊಂಡ ನಾಯಿಗಳು. ಸನ್ಯಾಸಿನಿಯರ ಕಾಲದ ಸೌದೆ ಒಲೆಯಲ್ಲೇ ಆಗ ಅಲ್ಲೊಂದು ಬೇಕರಿ ಬ್ರೆಡ್ ಬೇಯಿಸುತ್ತಿತ್ತು. ಹಳೆಯ ಕೋಣೆಗಳಲ್ಲಿ ಚಿತ್ರ ಬರೆಯುವವರು, ಮಡಕೆ ಮಾಡುವವರು, ಪಿಟೀಲು ರಿಪೇರಿಯವರು. ಒಳಗೆ ಬರಲಿಕ್ಕೆ ಟಿಕೆಟ್ಟಿಲ್ಲ. ಏನಾದರೂ ಕೊಂಡರೇ ಕೂರಬಹುದು ಎಂಬ ನಿಯಮವೂ ಇಲ್ಲ. ದೊಡ್ಡ ನಗರದಲ್ಲಿ ಪುಕ್ಕಟೆ ಕೂರುವ ಜಾಗ ಎಷ್ಟು ಅಪರೂಪ ಎಂದು ಬೆಂಗಳೂರಿನ ಮಾಲುಗಳಲ್ಲಿ ಕಾಲು ನೋಯಿಸಿಕೊಂಡವರಿಗೆ ಗೊತ್ತು.

ಊಟಕ್ಕೆ ಲೆಂಟಿಲ್ ಆಸ್ ಎನಿಥಿಂಗ್. ಶ್ರೀಲಂಕಾ ಮೂಲದ ಶನಕ ಫರ್ನಾಂಡೊ ಎಂಬವರು 2000ದಲ್ಲಿ ಸೇಂಟ್ ಕಿಲ್ಡಾದಲ್ಲಿ ಶುರು ಮಾಡಿದ ಊಟದ ಮನೆ ಅದು, ಇಲ್ಲಿಯೂ ಒಂದಿತ್ತು. ಪೂರ್ತಿ ಸಸ್ಯಾಹಾರ, ಬೆಲೆಪಟ್ಟಿ ಇರಲಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ಹೋದರೆ ಅನ್ನ, ಬೇಳೆ, ಪಲ್ಯ ಹಾಕುತ್ತಿದ್ದರು. ಪೆಟ್ಟಿಗೆಗೆ ನಿಮಗೆ ಎಷ್ಟು ಅನ್ನಿಸುತ್ತದೋ ಅಷ್ಟು, ಇಲ್ಲದವರು ಏನೂ ಹಾಕದೆಯೂ ಹೋಗಬಹುದಿತ್ತು. ನನ್ನ ಮುಂದೆ ಕೋಟು ಹರಿದ ಮುದುಕ, ಹಿಂದೆ ಲ್ಯಾಪ್‌ಟಾಪ್ ಚೀಲದ ಹುಡುಗ. ಶೃಂಗೇರಿ, ಧರ್ಮಸ್ಥಳದ ಸಾಲಿನಲ್ಲಿ ಕೂತು ಉಂಡವಳಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ, ಕೊಡುವವರು ದೇವರ ಹೆಸರು ಹೇಳುತ್ತಿರಲಿಲ್ಲ ಅಷ್ಟೆ. ಇಪ್ಪತ್ತು ಡಾಲರಿನ ನೋಟು ಹಾಕಿದೆ. ‘ಜಾಸ್ತಿ ಆಯ್ತು ದೊಡ್ಡಮ್ಮ, ಉಪ್ಪೇ ಇಲ್ಲ’ ಎಂದಳು ಪುಟ್ಟಿ. ನಿಜ, ಉಪ್ಪಿರಲಿಲ್ಲ. ಆ ಊಟದ ಮನೆ 2022ರಲ್ಲಿ ಮುಚ್ಚಿತು.

ಉಂಡು ಹುಲ್ಲಿನ ಮೇಲೆ ಕಾಲು ಚಾಚಿದೆವು. ಅಷ್ಟರಲ್ಲಿ ನನ್ನ ಮೇಷ್ಟ್ರಿಕೆ ಸುಮ್ಮನಿರದೆ ಹತ್ತಿರದ ಫಲಕ ಓದಿಸಿತು.

1863ರಲ್ಲಿ ಗುಡ್ ಶೆಫರ್ಡ್ ಸಂಘದ ನಾಲ್ಕು ಮಂದಿ ಸಿಸ್ಟರ್‌ಗಳು ಇಲ್ಲಿಗೆ ಬಂದರು. ಆ ಸಂಘದ ಮೂಲ ಫ್ರಾನ್ಸಿನ ಆಂಜೆ ಪಟ್ಟಣ. ಅನಾಥ ಹುಡುಗಿಯರು, ಮನೆಯಿಂದ ಹೊರಬಿದ್ದವರು, ಕೋರ್ಟು ಕಳಿಸಿದವರು, ಮದುವೆಯಾಗದೆ ಬಸುರಾದವರು ಹೀಗೆ ಊರಿಗೆ ಬೇಡವಾದ ಹೆಣ್ಣುಮಕ್ಕಳನ್ನು ಇಟ್ಟುಕೊಳ್ಳುವುದು ಅವರ ಸೇವೆ. 1901ರ ಸುಮಾರಿಗೆ ಇಲ್ಲಿ ಸಾವಿರದಷ್ಟು ಹೆಂಗಸರು, ಮಕ್ಕಳು ಇದ್ದರು. ಇಷ್ಟು ಜನರ ಅನ್ನಕ್ಕೆ ದುಡ್ಡೆಲ್ಲಿಂದ? ಬಟ್ಟೆ ಒಗೆತದಿಂದ. ಹೊರಗಿನ ಹೋಟೆಲು, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಇಲ್ಲಿಗೆ ಬರುತ್ತಿತ್ತು. ಒಗೆಯುವುದು, ಹಿಂಡುವುದು, ಗಂಜಿ ಹಾಕುವುದು, ಇಸ್ತ್ರಿ. ದುಡಿದ ಹುಡುಗಿಯರಿಗೆ ಸಂಬಳವಿಲ್ಲ, ಬೇಡವೆಂದು ಎದ್ದುಹೋಗುವಂತಿಲ್ಲ. ಸಿಸ್ಟರ್‌ಗಳು 1970ರ ದಶಕದ ನಡುವೆ ಜಾಗ ಬಿಡುವವರೆಗೂ ನಡೆಯಿತು ಈ ಒಟ್ಟು ವ್ಯವಸ್ಥೆ. ಇಂಥ ಸಂಸ್ಥೆಗಳಲ್ಲಿ ಬೆಳೆದ ಮಕ್ಕಳ ಕಥೆಯನ್ನು ಆಸ್ಟ್ರೇಲಿಯಾದ ಸೆನೆಟ್ 2004ರಲ್ಲಿ ವರದಿಯಾಗಿ ಹೊರತಂದಿತು, 2009ರ ನವೆಂಬರ್ 16ರಂದು ಪ್ರಧಾನಿ ಕೆವಿನ್ ರಡ್ ದೇಶದ ಪರವಾಗಿ ಅವರ ಕ್ಷಮೆ ಕೇಳಿದರು.

1856, 1863. ಕಲ್ಲುಕುಟಿಗರು ಎಂಟು ಗಂಟೆ ಬಿಡುವು ಗೆದ್ದ ಏಳು ವರ್ಷಕ್ಕೆ, ಅದೇ ಊರಿನಲ್ಲಿ, ಈ ಮಠದ ಬಾಗಿಲು ತೆರೆಯಿತು. ನಾವು ರಜೆ ಆಚರಿಸುತ್ತಿದ್ದದ್ದು ಆ ಗಂಡಸರ ಹೆಸರಿನಲ್ಲಿ, ಕೂತದ್ದು ಈ ಹೆಂಗಸರ ಅಂಗಳದಲ್ಲಿ. ಪಕ್ಕದಲ್ಲೇ ಹರಿಯುವ ನದಿ ಅವರಿಗೆ ಗೋಡೆಯಾಚೆ. ಒಗೆತದ ಉದ್ದನೆಯ ಕಟ್ಟಡವನ್ನು ಹೊರಗಿನಿಂದ ನೋಡಿದೆವು. ಪುಟ್ಟಿ ಏನೂ ಮಾತಾಡಲಿಲ್ಲ. ವಾರವಿಡೀ ಆಸ್ಪತ್ರೆಯ ಹಾಸಿಗೆ ಬಟ್ಟೆ ಬದಲಿಸುವವಳು ಅವಳು, ಸಂಬಳಕ್ಕೆ.

ಕಟ್ಟಡ ಆಮೇಲೆ ಕಾಲೇಜಾಯಿತು, ವಿಶ್ವವಿದ್ಯಾಲಯದ ಕೈಗೆ ಬಂತು. 1997ರಲ್ಲಿ ಬಿಲ್ಡರೊಬ್ಬರು ಇಲ್ಲಿ 280ಕ್ಕೂ ಹೆಚ್ಚು ಫ್ಲ್ಯಾಟು ಕಟ್ಟುವ ನಕ್ಷೆ ತಂದರು. ಬಡಾವಣೆಯ ಜನ ಎದ್ದರು. ಸಭೆ, ಸಹಿ, ಅರ್ಜಿ ಅಂತ ಏಳು ವರ್ಷ ಬಿಡದೆ ಬೆನ್ನು ಹತ್ತಿದರು. 2004ರಲ್ಲಿ ವಿಕ್ಟೋರಿಯಾ ಸರ್ಕಾರ ಹದಿನಾರು ಎಕರೆಗೂ ಮಿಕ್ಕ ಜಾಗವನ್ನು ಕಟ್ಟಡಗಳ ಸಮೇತ ಸಾರ್ವಜನಿಕರಿಗಾಗಿ ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಿತು. 2017ರಲ್ಲಿ ಅದು ರಾಷ್ಟ್ರೀಯ ಪರಂಪರೆಯ ಪಟ್ಟಿಗೂ ಸೇರಿತು. ಹೊಳೆಯ ದಡದಲ್ಲಿ, ನಗರದ ಹೊಕ್ಕುಳಲ್ಲಿ, ಹದಿನಾರು ಎಕರೆ! ನಮ್ಮ ಕಡೆಯ ರಿಯಲ್ ಎಸ್ಟೇಟಿನವರಿಗೆ ಹೇಳಿದರೆ ನಿದ್ದೆ ಬರಲಿಕ್ಕಿಲ್ಲ.

ಸಂಜೆ ನದಿಯ ಪಕ್ಕದ ಕಾಲುದಾರಿಯಲ್ಲಿ ಡೈಟ್ಸ್ ಫಾಲ್ಸಿಗೆ ನಡೆದೆವು. ಹಿಂದಿನಿಂದ ಸೈಕಲ್ಲುಗಳು ಗಂಟೆ ಬಾರಿಸುತ್ತ ಬರುತ್ತವೆ, ದಾರಿಯ ಎಡಕ್ಕೇ ಇರಬೇಕು. ಜಲಪಾತ ಎಂದು ಜೋಗ ಊಹಿಸಿಕೊಂಡು ಹೋದರೆ ಕಷ್ಟ. ಎದೆಯೆತ್ತರದ ಅಣೆಕಟ್ಟೆಯ ಮೇಲಿಂದ ನೀರು ಜಾರುತ್ತದೆ, ಕೆಳಗೆ ಕಪ್ಪು ಬಂಡೆ. ಮೆರ್ರಿ ಕ್ರೀಕ್ ಎಂಬ ಹಳ್ಳ ಬಂದು ಯಾರಾಗೆ ಕೂಡುವುದು ಅದರ ಸ್ವಲ್ಪ ಮೇಲೆ. ಸಮುದ್ರದ ಉಬ್ಬರ ನದಿಯಲ್ಲಿ ಏರಿಬರುವುದು ಈ ಬಂಡೆಸಾಲಿನವರೆಗೆ, ಮೇಲಿನದು ಸಿಹಿನೀರು. 1840ರ ಸುಮಾರಿಗೆ ಜಾನ್ ಡೈಟ್ ಎಂಬಾತ ಇಲ್ಲಿ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ ಹಾಕಿದ, ಹೆಸರು ಉಳಿಯಿತು. ಪಕ್ಕದಲ್ಲಿ ಮೀನು ಹತ್ತಲೆಂದು ಕಟ್ಟಿದ ಮೆಟ್ಟಿಲುಗಾಲುವೆಯಿದೆ.

ಗಿರಣಿಗಿಂತ ಬಹಳ ಹಿಂದಿನದು ಇಲ್ಲಿನ ಜನರ ಕಥೆ. ಈ ನೆಲ ವುರುಂಡ್‌ಜೆರಿ ಜನರದ್ದು, ನದಿಯನ್ನು ಅವರು ಕರೆಯುವುದು ಬಿರ್ರರಂಗ್ ಎಂದು. ಅವರ ಮುಖಂಡ ಬಿಲ್ಲಿಬೆಲ್ಲರಿ 1846ರಲ್ಲಿ ತೀರಿಕೊಂಡಾಗ ಮಣ್ಣು ಮಾಡಿದ್ದು ಈ ಸಂಗಮದ ಹತ್ತಿರ. ಅದೇ ಕಾಲಕ್ಕೆ ಅವರ ಮಕ್ಕಳಿಗೆಂದು ತೆರೆದ ಶಾಲೆ ಕೆಲವೇ ವರ್ಷದಲ್ಲಿ ಮುಚ್ಚಿತು. ಈಗ ಅಲ್ಲಿ ಮೇಲ್ಗಡೆ ಹೆದ್ದಾರಿಯ ಭೋರ್ಗರೆತ.

ಅಣೆಯ ಪಕ್ಕದ ಬಂಡೆಯ ಮೇಲೆ ಕೂತೆವು. ಎಷ್ಟು ಹೊತ್ತೋ ಗೊತ್ತಿಲ್ಲ, ಬಿಸಿಲು ಆಚೆ ದಡದ ಮರಗಳ ಬುಡದಿಂದ ತುದಿಗೆ ಹತ್ತುವಷ್ಟು ಹೊತ್ತು. ಆಗ ನನಗೆ ಹೊಳೆದದ್ದು ಇದು: ತೀರ್ಥಹಳ್ಳಿಯಲ್ಲಿ ಹುಟ್ಟಿ, ಹೊಳೆಯ ಹತ್ತಿರದಲ್ಲೇ ಬೆಳೆದು, ಮದುವೆಯಾಗಿ ಅದೇ ಹೊಳೆಯ ಇನ್ನೊಂದು ದಡಕ್ಕೆ ಹೋದವಳು ನಾನು, ತುಂಗೆಯ ಎದುರು ಕೆಲಸವಿಲ್ಲದೆ ಕೂತದ್ದು ನೆನಪಿಲ್ಲ. ಬುಟ್ಟಿಯಲ್ಲಿ ಬಟ್ಟೆಯಿರುತ್ತಿತ್ತು. ಇಲ್ಲವೇ ಕಂಕುಳಲ್ಲಿ ಕೊಡ, ತಿಕ್ಕುವ ಪಾತ್ರೆ, ಮಕ್ಕಳ ಮೀಯಿಸುವುದು. ಎಳ್ಳಮಾವಾಸ್ಯೆ ಜಾತ್ರೆಗೆ ರಾಮತೀರ್ಥದಲ್ಲಿ ಮುಳುಗು ಹಾಕುವಾಗಲೂ ಮನೆಗೆ ಬಂದ ನೆಂಟರಿಗೆ ಅಡುಗೆ ಏನು ಎಂಬುದೇ ಯೋಚನೆ. ಅಮ್ಮನಿಗೆ ಒಗೆಯುವ ಕಲ್ಲೊಂದಿತ್ತು, ಅವಳದೇ, ಬೇರೆಯವರು ಅದರ ಮೇಲೆ ಒಗೆದರೆ ಸಿಟ್ಟು ಬರುತ್ತಿತ್ತು. ಅವಳ ಅಂಗೈ ಸೋಪಿನ ಪುಡಿಗೆ ಬಿರಿದು ಗೆರೆಗಳೆಲ್ಲ ಬಿಳಿಯಾಗಿದ್ದವು. ಸೋಮಾರಿಯಾಗಿ ಹೊಳೆದಂಡೆಯಲ್ಲಿ ಕೂತು ಎಲೆಯಡಿಕೆ ಹಾಕುತ್ತ ನೀರು ನೋಡುವವರು ಗಂಡಸರು. ಅದಕ್ಕೆ ಯಾರೂ ಹೋರಾಟ ಮಾಡಿರಲಿಲ್ಲ, ಅದು ಅವರಿಗೆ ಹುಟ್ಟಿನಿಂದಲೇ ಬಂದದ್ದು. ನಾನೂ ಇಪ್ಪತ್ತು ಸಾವಿರ ಕಿಲೋಮೀಟರು ಹೋಗಿಬರುವ ಖರ್ಚು ಮಾಡಿದ ಮೇಲೆ, ಗುರುತು ಪರಿಚಯದವರು ಒಬ್ಬರೂ ಇಲ್ಲದ ಕಡೆ, ಹೊಳೆ ನೋಡುತ್ತ ಕೂತೆ. ‘ಏನ್ ಯೋಚನೆ ದೊಡ್ಡಮ್ಮ’ ಎಂದಳು. ಏನಿಲ್ಲ ಎಂದೆ. ನಿಜಕ್ಕೂ ಏನೂ ಇರಲಿಲ್ಲ, ಅದೇ ವಿಶೇಷ.

ಭಾನುವಾರ ಜಾನ್‌ಸ್ಟನ್ ಸ್ಟ್ರೀಟಿನ ಸೇತುವೆ ದಾಟಿ ಆಚೆಯ ಕಾಡುಜಾಗಕ್ಕೆ. ಯಾರಾ ಬೆಂಡ್ ಪಾರ್ಕು. ನದಿಯಂಚಿನ ಹಳೇ ರೆಡ್ ಗಮ್ ಮರಗಳು ನೀಲಗಿರಿಯ ದಾಯಾದಿಗಳೇ. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ನೀಲಗಿರಿ ತಂದರೆಂದು ಹೇಳುತ್ತಾರೆ. ಆಮೇಲೆ ಅರಣ್ಯ ಇಲಾಖೆ ಕೋಲಾರದ ಬಯಲಿಗೆಲ್ಲ ಹಬ್ಬಿಸಿತು, ಅಂತರ್ಜಲ ಬತ್ತಿತೆಂದು 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ನಮ್ಮಲ್ಲಿ ಸಾಲಿನಲ್ಲಿ ಕೋಲಿನಂತೆ ನಿಲ್ಲಿಸಿದ ಮರ, ಇಲ್ಲಿ ತನ್ನ ಮನೆಯಲ್ಲಿ, ಪೊಟರೆ ತುಂಬ ಗಿಳಿ ಸಾಕಿಕೊಂಡು ಗಂಟುಗಂಟಾಗಿ ಬೆಳೆದು ನಿಂತಿತ್ತು. ಪಾಪ, ಮರದ್ದೇನು ತಪ್ಪು ಅನ್ನಿಸಿತು.

ಸ್ಟಡ್ಲಿ ಪಾರ್ಕ್ ಬೋಟ್‌ಹೌಸ್ ಕೂಡ 1863ರದ್ದೇ. ಗಂಟೆಗಿಷ್ಟು ಎಂದು ಮರದ ದೋಣಿ ಬಾಡಿಗೆಗೆ ಕೊಡುತ್ತಾರೆ. ಹುಟ್ಟು ಹಾಕಿದ್ದು ಪುಟ್ಟಿ. ನಾನು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಕೂತು ಎಡಕ್ಕೆ, ಬಲಕ್ಕೆ ಎಂದು ಯಜಮಾನಿಕೆ ಮಾಡಿದೆ. ಇದೇ ನದಿಯಲ್ಲಿ ಹತ್ತಿರದಲ್ಲೇ ಡೀಪ್ ರಾಕ್ ಎಂಬ ಮಡುವಿದೆ. 1918ರಲ್ಲಿ ಸಾಲೊಮನ್ ದ್ವೀಪದ ಅಲಿಕ್ ವಿಕಮ್ ಎಂಬ ಈಜುಗಾರ ಸಾವಿರಾರು ಜನರೆದುರು ಅಲ್ಲಿಯ ಎತ್ತರದಿಂದ ಜಿಗಿದು ಹೆಸರಾದ. ಈಗ ನೀರಿಗಿಳಿಯುವವರು ಅಪರೂಪ.

ಮುಸ್ಸಂಜೆಗೆ ಬಾವಲಿಗಳು ಎದ್ದವು. ಬೂದುತಲೆಯ ದೊಡ್ಡ ಬಾವಲಿ, ರೆಕ್ಕೆ ಬಿಚ್ಚಿದರೆ ಒಂದು ಮೀಟರಿನವರೆಗೂ ಇರುತ್ತದೆ. ಮೊದಲು ಇವು ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿದ್ದವು. ಮರ ಹಾಳು ಮಾಡುತ್ತವೆಂದು 2003ರಲ್ಲಿ ಗದ್ದಲವೆಬ್ಬಿಸಿ ಓಡಿಸಿದರು, ಕೊನೆಗೆ ಇಲ್ಲಿ ನೆಲೆಯಾದವು. ಬೇಸಿಗೆಯಲ್ಲಿ ಹತ್ತಾರು ಸಾವಿರ. ಕೇನ್ಸ್ ತೂಗುಸೇತುವೆಯ ಮೇಲೆ ನಿಂತಿದ್ದೆವು. ಸಾಲು ಮುಗಿಯುವುದೇ ಇಲ್ಲ. ಒಂದು ನಮ್ಮ ಕೆಳಗೇ ಹಾದು, ಹೊಟ್ಟೆಯನ್ನು ನೀರಿಗೆ ಸವರಿಸಿ, ಹಾಗೆಯೇ ಮೇಲೆದ್ದು ಮರಕ್ಕೆ ಜೋತುಬಿದ್ದು ಒದ್ದೆ ಎದೆಯ ರೋಮ ನೆಕ್ಕತೊಡಗಿತು. ಇವು ನೀರು ಕುಡಿಯುವ ರೀತಿಯೇ ಹೀಗಂತೆ. ಸೆಖೆಯಲ್ಲಿ ನಲವತ್ತೆರಡು ಡಿಗ್ರಿ ದಾಟಿದರೆ ಸತ್ತು ಉದುರುತ್ತವೆ ಎಂದೂ ಪುಟ್ಟಿ ಹೇಳಿದಳು.

ಮರಳುವ ದಾರಿಯಲ್ಲಿ ಸ್ಟೇಷನ್ನಿನ ಪಕ್ಕದ ವಿಕ್ಟೋರಿಯಾ ಪಾರ್ಕ್ ಮೈದಾನ. ಕಾಲಿಂಗ್‌ವುಡ್ ಫುಟ್‌ಬಾಲ್ ತಂಡ 1999ರ ತನಕ ಆಡುತ್ತಿದ್ದ ಮನೆಯಂಗಳ. 1993ರ ಏಪ್ರಿಲ್ 17ರಂದು, ಪ್ರೇಕ್ಷಕರು ದಿನವಿಡೀ ಬಣ್ಣ ಹಿಡಿದು ಬೈದ ಮೇಲೆ, ಸೇಂಟ್ ಕಿಲ್ಡಾ ತಂಡದ ಮೂಲನಿವಾಸಿ ಆಟಗಾರ ನಿಕಿ ವಿನ್ಮಾರ್ ಗೆದ್ದು, ಜನರತ್ತ ತಿರುಗಿ, ಅಂಗಿಯೆತ್ತಿ ತನ್ನ ಕಪ್ಪು ಹೊಟ್ಟೆಗೆ ಬೆರಳಿಟ್ಟು ತೋರಿಸಿದ ಜಾಗ. ಆ ಫೋಟೊ ದೇಶಕ್ಕೆಲ್ಲ ಗೊತ್ತು. ಗೇಟು ತೆರೆದೇ ಇತ್ತು. ಒಬ್ಬಾತ ಮಗಳಿಗೆ ಗಾಳಿಪಟ ಹಾರಿಸುವುದನ್ನು ಕಲಿಸುತ್ತಿದ್ದ.

ಸೋಮವಾರ ನಗರವೆಲ್ಲ ಮೂಂಬಾ ಹಬ್ಬದ ಗದ್ದಲದಲ್ಲಿತ್ತು. ನಾವು ಆ ಕಡೆ ತಲೆ ಹಾಕಲಿಲ್ಲ, ವಿಕ್ಟೋರಿಯಾ ಸ್ಟ್ರೀಟಿಗೆ ಹೋದೆವು. 1970ರ ದಶಕದ ಕೊನೆಯಲ್ಲಿ ಯುದ್ಧ ಮುಗಿದ ವಿಯೆಟ್ನಾಮಿನಿಂದ ದೋಣಿ ಹತ್ತಿ ಬಂದವರು ನೆಲೆನಿಂತು ಕಟ್ಟಿದ ಬೀದಿ ಅದು. ತರಕಾರಿ ಅಂಗಡಿಯ ಮುಂದೆ ನಾನು ನಿಂತುಬಿಟ್ಟೆ. ಹುಣಸೆಹಣ್ಣು, ಬಾಳೆದಿಂಡು, ಹಾಗಲ, ನಿಂಬೆಹುಲ್ಲು, ಅದರ ಪಕ್ಕ ಕೆಸುವಿನ ದಂಟು! ಎಲೆ ಕತ್ತರಿಸಿದ್ದರು, ಪತ್ರೊಡೆಯ ಆಸೆ ಅಲ್ಲಿಗೇ ಬಿಟ್ಟೆ. ದಂಟಿನ ಸಾರು ಮಾಡಬಹುದು, ಆದರೆ ಯಾವ ಜಾತಿಯೋ, ತುರಿಸಿದರೆ? ಅಂಗಡಿಯ ಮುದುಕಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ದಂಟು ತೋರಿಸಿ, ಗಂಟಲು ಹಿಡಿದು, ಮುಂಗೈ ಪರಪರ ಕೆರೆದುಕೊಂಡೆ. ಅವಳು ಬಾಯ್ತುಂಬ ನಕ್ಕು, ಇಲ್ಲ ಇಲ್ಲ ಎಂದು ತಲೆಯಾಡಿಸಿ, ದಂಟಿನ ತುದಿಯ ಸಿಪ್ಪೆ ಉಗುರಿನಲ್ಲಿ ಸುಲಿದು ತೋರಿಸಿದಳು. ಹುಣಸೆಹಣ್ಣಿನ ಪೊಟ್ಟಣ ತಾನೇ ತೆಗೆದು ಚೀಲಕ್ಕೆ ಹಾಕಿದಳು, ಇದಿಲ್ಲದೆ ಆಗದು ಎಂಬಂತೆ. ಸಾರು ಚೆನ್ನಾಗಿ ಬಂತು. ತುರಿಸಲಿಲ್ಲ.

ಕತ್ತಲಾದ ಮೇಲೆ ಅದೇ ಬೀದಿಯ ಮಾಡಿನ ಮೇಲೆ ನಿಯಾನ್ ಹುಡುಗಿಯೊಬ್ಬಳು ಸ್ಕಿಪ್ಪಿಂಗ್ ಆಡುತ್ತಾಳೆ. ವಿನಿಗರ್ ಕಂಪನಿಯೊಂದರ ಜಾಹೀರಾತಿಗೆಂದು 1936ರಲ್ಲಿ ಹಾಕಿದ್ದು. ಕಾರ್ಖಾನೆ ಹೋಯಿತು, 1968ರಲ್ಲಿ ಹುಡುಗಿಯನ್ನೂ ಇಳಿಸಿದರು, ಜನ ಸುಮ್ಮನಿರಲಿಲ್ಲ, 1970ರಲ್ಲಿ ಹೊಸದೊಂದನ್ನು ಸ್ವಲ್ಪ ಆಚೆ ಏರಿಸಬೇಕಾಯಿತು. ಈ ಬಡಾವಣೆಯವರಿಗೆ ಹಿಡಿದದ್ದನ್ನು ಬಿಡದ ಚಾಳಿ ಇರಬೇಕು.

ನಾನು ಹೋಗುವ ಹಿಂದಿನ ವರ್ಷ, 2017ರಲ್ಲಿ, ವಿಕ್ಟೋರಿಯಾ ಪಾರ್ಲಿಮೆಂಟು ಯಾರಾ ನದಿಯನ್ನು ಕಾಪಾಡಲು ಕಾಯಿದೆ ಮಾಡಿತು. ಅದರ ಹೆಸರೇ ಎರಡು ಭಾಷೆಯಲ್ಲಿದೆ, ಇಂಗ್ಲಿಷು ಮತ್ತು ವುರುಂಡ್‌ಜೆರಿ ಜನರ ವೊಯ್‌ವುರುಂಗ್. 242 ಕಿಲೋಮೀಟರಿನ ಹೊಳೆಯನ್ನು ತುಂಡುತುಂಡಾಗಿ ಅಲ್ಲ, ಒಂದೇ ಜೀವವೆಂದು ಕಾಣಬೇಕು ಎನ್ನುತ್ತದೆ ಅದು. ತುಂಗೆಗೆ ಆರತಿ ಎತ್ತುತ್ತೇವೆ, ಗಂಗಾಸ್ನಾನ ತುಂಗಾಪಾನ ಎನ್ನುತ್ತೇವೆ. ಆದರೆ ದಡದಲ್ಲಿ ಒಬ್ಬ ಹೆಂಗಸು ಸುಮ್ಮನೆ ಒಂದು ಗಂಟೆ ಕೂರಲು ನೆರಳಿನ ಕಟ್ಟೆ ಎಷ್ಟು ಊರಿನಲ್ಲಿದೆ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಊರಿಗೆ ಬಂದ ಮೇಲೆ ವಾರಕ್ಕೊಮ್ಮೆ ನಾನೇ ಹೊಳೆದಂಡೆಗೆ ಹೋಗಿ ಕೂರುತ್ತೇನೆ. ಮೊದಮೊದಲು ದಾರಿಹೋಕರು ‘ಟೀಚರೇ, ಹುಷಾರಿದ್ದೀರಲ್ಲ’ ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ.

ಮೆಲ್ಬರ್ನಿಗೆ ಹೊರಟವರಿಗೆ ಒಂದು ಮಾತು. ಪೆಂಗ್ವಿನ್ ನೋಡಿ, ಬಂಡೆಗಳನ್ನೂ ನೋಡಿ, ಒಂದು ಶನಿವಾರ ಮಾತ್ರ ಇದಕ್ಕೆ ಇಟ್ಟುಕೊಳ್ಳಿ, ಸಂತೆ ಬೇಕಿದ್ದರೆ ತಿಂಗಳ ಎರಡನೆಯದು. ಫ್ಲಿಂಡರ್ಸ್ ಸ್ಟ್ರೀಟಿನಿಂದ ರೈಲು ಹತ್ತಿ ವಿಕ್ಟೋರಿಯಾ ಪಾರ್ಕಿನಲ್ಲಿ ಇಳಿದು ನಡೆದರೆ ಸಾಕು. ಮಕ್ಕಳು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆಂದರೆ ಬೇಡವೆನ್ನಿ. ಅಲ್ಲಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಗಂಟೆ ನೋಡಿಕೊಂಡು ಏಳಬೇಕಾಗುತ್ತದೆ.